ಇಲ್ಲ, ಅದು ಹಾರಲ್ಲ

ನಾನು ಹೆಲಿಕಾಪ್ಟರ್ ಮಾಡೆಲ್ ಮಾಡುತ್ತೇನೆ. ಪ್ಲಾಸ್ಟಿಕ್ ಕಿಟ್‌ನ ಬಿಡಿಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದು ಕಪಾಟಿನಲ್ಲಿಡುವಂಥವು. ಸೇನೆಯವಲ್ಲ. ರೋಗಿಗಳನ್ನು ಒಯ್ಯುವವು, ಪ್ರವಾಸಿಗರನ್ನು ಸುತ್ತಾಡಿಸುವವು, ಬೆಟ್ಟದ ಮೇಲಕ್ಕೆ ಸಾಮಾನು ಸಾಗಿಸುವವು. ಕಪಾಟಿನ ಮುಂದೆ ನಿಂತವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದು ಹಾರುತ್ತಾ?"

ಇಲ್ಲ. ಹಾರಲ್ಲ.

ಮೊದಲೆಲ್ಲ ನಗುನಗುತ್ತಾ ವಿವರಿಸುತ್ತಿದ್ದೆ. ಈಗ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ನಿಜ ಹೇಳಬೇಕೆಂದರೆ ಪ್ರಶ್ನೆಗಿಂತ ಜಾಸ್ತಿ ಸಿಟ್ಟು ಬರುವುದು ಅದರ ಹಿಂದೆಯೇ ಬರುವ "ಓ... ಸುಮ್ನೆ ಇಡೋದಕ್ಕಾ?" ಅನ್ನುವ ರಾಗಕ್ಕೆ. ಕಟ್ಟಡದ ಮಾಡೆಲ್ ನೋಡಿ ಬಾಡಿಗೆಗೆ ಸಿಗುತ್ತಾ ಅಂತ ಯಾರಾದರೂ ಕೇಳುತ್ತಾರಾ?

ಹಾರುವ ಮಾಡೆಲ್ ಬೇರೆಯದೇ ವಿದ್ಯೆ. ಅದಕ್ಕೆ ಮೋಟರ್, ಬ್ಯಾಟರಿ, ರಿಮೋಟ್, ಬ್ಲೇಡ್‌ಗಳ ಕೋನ ಬದಲಿಸುವ ಸ್ವಾಶ್‌ಪ್ಲೇಟ್ ಎಲ್ಲ ಬೇಕು. ಅದರಲ್ಲಿ ದೊಡ್ಡ ಹೆಸರು ಅಮೆರಿಕದ ಆರ್ಥರ್ ಯಂಗ್ ಅವರದು. ವರ್ಷಗಟ್ಟಲೆ ಪುಟ್ಟ ಮಾಡೆಲ್‌ಗಳ ಜೊತೆ ಗುದ್ದಾಡಿ, 1941ರಲ್ಲಿ ಒಂದನ್ನು ವಿಮಾನ ತಯಾರಿಸುವ ಬೆಲ್ ಕಂಪನಿಯವರ ಮುಂದೆ ಹಾರಿಸಿ ತೋರಿಸಿದರು. ಆ ಕೆಲಸದಿಂದ ಹುಟ್ಟಿದ್ದು ಬೆಲ್ 47. ಅಮೆರಿಕದಲ್ಲಿ ನಾಗರಿಕ ಬಳಕೆಗೆ ಅನುಮತಿ ಪಡೆದ ಮೊದಲ ಹೆಲಿಕಾಪ್ಟರ್ ಅದು, 1946ರ ಮಾರ್ಚ್‌ನಲ್ಲಿ. ಯಂಗ್ ಅವರನ್ನು "ಹಾರುತ್ತಾ?" ಅಂತ ಕೇಳಿದ್ದರೆ ಅದಕ್ಕೊಂದು ಅರ್ಥವಿತ್ತು. ಅಂದಹಾಗೆ, ಒಂದು ಬೆಲ್ 47 ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ನಿಜವಾದ ಹೆಲಿಕಾಪ್ಟರೇ ಅಲ್ಲಿ ಸುಮ್ನೆ ಇದೆ. ಅದು ಕಲೆ, ನನ್ನದು ಕಾಲಹರಣ!

"ಯುದ್ಧದ್ದು ಮಾಡಬಾರದಾ? ನೋಡೋಕೆ ಗತ್ತಾಗಿರುತ್ತೆ" ಅನ್ನುವವರೂ ಇದ್ದಾರೆ. ಸ್ವಾಮಿ, ಅದು ಸುಲಭ. ಮಂಕು ಹಸಿರು ಬಣ್ಣ ಅರ್ಧ ತಪ್ಪುಗಳನ್ನು ನುಂಗಿಬಿಡುತ್ತದೆ. ಉಳಿದದ್ದರ ಮೇಲೆ ಒಂದಿಷ್ಟು ಕೆಸರು, ಹೊಗೆ ಬಳಿದರೆ ಆಯಿತು. ನಾಗರಿಕ ಹೆಲಿಕಾಪ್ಟರ್ ಎಂದರೆ ಫಳಫಳ ಹೊಳೆಯುವ ಬಿಳಿ, ಹಳದಿ, ಕೆಂಪು. 1:48 ಅಳತೆಯಲ್ಲಿ, ಅಂದರೆ ನಿಜವಾದದ್ದಕ್ಕಿಂತ 48 ಪಟ್ಟು ಚಿಕ್ಕದರಲ್ಲಿ, 0.2 ಮಿಲಿಮೀಟರಿನ ಒಂದು ಧೂಳಿನ ಕಣ ಬಣ್ಣದಲ್ಲಿ ಕೂತರೆ, ನಿಜವಾದದ್ದರ ಮೈಮೇಲೆ ಸುಮಾರು ಒಂದು ಸೆಂಟಿಮೀಟರಿನ ಗುಳ್ಳೆ ಎದ್ದ ಹಾಗೆ. ಅದನ್ನು ಉಜ್ಜಬೇಕು, ಮತ್ತೆ ಬಣ್ಣ ಹೊಡೆಯಬೇಕು, ಮತ್ತೆ ಕಾಯಬೇಕು. ಹಳದಿಯಂತೂ ಅಡಿಯಲ್ಲಿ ಬಿಳಿ ಪ್ರೈಮರ್ ಇಲ್ಲದಿದ್ದರೆ ಎಷ್ಟು ಹೊಡೆದರೂ ಕೆಳಗಿನ ಬಣ್ಣ ಇಣುಕುತ್ತದೆ.

ಇನ್ನು ಗಾಜು. ಎದುರಿಗೆ, ಪಕ್ಕಕ್ಕೆ, ತಲೆಯ ಮೇಲೆ, ಕಾಲಿನ ಹತ್ತಿರ, ಎಲ್ಲೆಲ್ಲೂ ಗಾಜು. ಅಂದರೆ ಒಳಗಿನ ಸೀಟು, ಬೆಲ್ಟು, ಡಯಲ್ ಎಲ್ಲ ಕಾಣುತ್ತದೆ, ಎಲ್ಲವನ್ನೂ ಮಾಡಲೇಬೇಕು. ಗಾಜಿನ ಭಾಗಕ್ಕೆ ಸೂಪರ್ ಗ್ಲೂ ಮುಟ್ಟಿಸುವಂತಿಲ್ಲ, ಅದರ ಆವಿಗೆ ಒಳಗಡೆ ಬಿಳಿ ಮಂಜು ಹಿಡಿಯುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಗೋಂದು ಬೇಕು. ಕಿಟಕಿಯ ಚೌಕಟ್ಟೂ ಪಾರದರ್ಶಕ ಪ್ಲಾಸ್ಟಿಕ್ಕೇ, ಹೊರಗಡೆಯಿಂದ ಮೊದಲು ಹೊಡೆದ ಬಣ್ಣವೇ ಒಳಗಿನಿಂದ ಕಾಣುವುದು. ಹಾಗಾಗಿ ಮೊದಲು ಒಳಗಿನ ಬಣ್ಣ, ಅದರ ಮೇಲೆ ಹೊರಗಿನ ಬಣ್ಣ. ಉಲ್ಟಾ ಮಾಡಿದರೆ ಪೈಲಟ್ ಕೂತ ಕಡೆಯಿಂದಲೂ ಚೌಕಟ್ಟು ಕೆಂಪಗೆ ಕಾಣುತ್ತದೆ. ಆ ಸೀಟಿನಲ್ಲಿ ಕೂತು ನೋಡುವವರು ಯಾರು ಅಂತೀರಾ? ನಾನು. ಟಾರ್ಚ್ ಹಿಡಿದು ನೋಡುತ್ತೇನೆ.

ಒಮ್ಮೆ ನೆಂಟರಲ್ಲಿ ಹಿರಿಯರೊಬ್ಬರು ಬಂದಿದ್ದರು. ಕಪಾಟಿನಲ್ಲಿ ಫ್ರಾನ್ಸಿನ ಎಎಸ್350 ಎಕ್ಯುರೆಯಿ ಹೆಲಿಕಾಪ್ಟರಿನ ಮಾಡೆಲ್ ಇತ್ತು. ಬಣ್ಣ ಹೊಡೆದು ಮುಗಿಸಿ ಜಾಸ್ತಿ ದಿನ ಆಗಿರಲಿಲ್ಲ.

"ಏನಪ್ಪಾ, ಇದು ಹಾರುತ್ತಾ?"

"ಇಲ್ಲ ಮಾವ."

"ಇಷ್ಟೆಲ್ಲ ಒದ್ದಾಡಿದ್ದೀಯ, ಒಂದು ಮೋಟರ್ ಹಾಕಿದ್ದರೆ ಆಗ್ತಿತ್ತಲ್ಲ!"

ಹೇಳುತ್ತಲೇ ತೋರುಬೆರಳಿಂದ ರೋಟರನ್ನು, ಅಂದರೆ ಮೇಲೆ ತಿರುಗುವ ಬ್ಲೇಡುಗಳನ್ನು, ಚಿಮ್ಮಿದರು. ನನ್ನ ಮುಖ ನೋಡಿ ಮನೆಯವರೆಲ್ಲ ಮುಟ್ಟಿದ್ದಕ್ಕೆ ಸಿಟ್ಟು ಬಂತು ಅಂದುಕೊಂಡರು. ಮುಟ್ಟಿದ್ದಕ್ಕಲ್ಲ. ಅವರು ಉಲ್ಟಾ ತಿರುಗಿಸಿದ್ದರು. ಹಾಗಂತ ಹೇಳಿದೆ ಕೂಡ. "ತಿರುಗೋದು ತಿರುಗುತ್ತಲ್ಲ, ಯಾವ ಕಡೆಯಾದರೇನು?" ಅಂದರು ಮಾವ.

ಅಲ್ಲೇ ಇರುವುದು ವಿಷಯ! ಯಾವ ಕಡೆ ತಿರುಗುತ್ತೆ ಅಂತ ಯಾಕೆ ಯಾರೂ ಕೇಳುವುದಿಲ್ಲ? ಬೆಲ್, ಸಿಕೋರ್ಸ್ಕಿಯಂಥ ಅಮೆರಿಕನ್ ಹೆಲಿಕಾಪ್ಟರ್‌ಗಳ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಫ್ರೆಂಚರ ಎಕ್ಯುರೆಯಿ, ರಷ್ಯನ್ನರ ಎಂಐ-8 ಗಡಿಯಾರದ ದಿಕ್ಕಿನಲ್ಲಿ. ಬ್ಲೇಡಿನ ಒಂದು ಅಂಚು ದಪ್ಪ, ದುಂಡಗೆ, ಇನ್ನೊಂದು ತೆಳು. ದಪ್ಪ ಅಂಚು ಗಾಳಿಗೆ ಮುಂದಾಗಿರಬೇಕು. ಬ್ಲೇಡನ್ನು ತಿರುವಿ ಅಂಟಿಸಿದರೆ ಅದು ಎಕ್ಯುರೆಯಿ ಅಲ್ಲ, ಎಕ್ಯುರೆಯಿ ವೇಷ ಹಾಕಿದ ಇನ್ನೇನೋ.

ನಾನು ಕೇಳಿಸಿಕೊಳ್ಳಬೇಕು ಅಂತ ಕಾದಿರುವ ಇನ್ನೊಂದು ಪ್ರಶ್ನೆಯೂ ಇದೆ: "ಬ್ಲೇಡ್ ಯಾಕೆ ಜೋತು ಬಿದ್ದಿದೆ?" ಕಿಟ್‌ನಲ್ಲಿ ಅವು ಸ್ಕೇಲಿನಂತೆ ನೆಟ್ಟಗೆ ಬರುತ್ತವೆ. ನಿಂತ ಹೆಲಿಕಾಪ್ಟರನ್ನು ನೋಡಿ, ಬ್ಲೇಡ್‌ಗಳು ತಮ್ಮ ಭಾರಕ್ಕೇ ತುದಿಯ ಕಡೆ ಬಾಗಿರುತ್ತವೆ. ತಿರುಗಲು ಶುರುವಾದ ಮೇಲೆ ಹೊರಕ್ಕೆ ಎಳೆಯುವ ಬಲಕ್ಕೆ ನೆಟ್ಟಗಾಗುತ್ತವೆ. ಹೆಲಿಕಾಪ್ಟರಿನ ಪೂರಾ ಭಾರ ಹೊತ್ತಾಗ ಸ್ವಲ್ಪ ಮೇಲಕ್ಕೇ ಏಳುತ್ತವೆ. ನಾನು ಮಾಡುವುದು ನಿಂತದ್ದನ್ನು. ಹಾಗಾಗಿ ಒಂದೊಂದೇ ಬ್ಲೇಡನ್ನು ಬಿಸಿನೀರಿಗೆ ಹಿಡಿದು, ಮೆದುವಾದಾಗ ಬೆರಳಲ್ಲಿ ಒತ್ತಿ, ಫೋಟೋ ಪಕ್ಕದಲ್ಲಿಟ್ಟು, ಮೂರೂ ಒಂದೇ ಸಮ ಬಾಗಿದೆಯಾ ಅಂತ ನೋಡಬೇಕು. ಬುಡದಲ್ಲಿ ಬಾಗಿದರೆ ಮುರಿದಂತೆ ಕಾಣುತ್ತದೆ. ಜಾಸ್ತಿ ಬಾಗಿದರೆ ಕೊಡೆ. ನೋಡಿದವರು "ಅಯ್ಯೋ, ಬಿಸಿಲಿಗೆ ಸೊಟ್ಟಗಾಗಿದೆಯಲ್ಲ" ಅಂತ ಮರುಗುತ್ತಾರೆ.

ಇಷ್ಟಾದರೂ ಹಾರದ ಹೆಲಿಕಾಪ್ಟರ್ ಯಾಕೆ ಅಂತಲೇ ಅನಿಸುತ್ತಿದೆಯಾ? ಇದೇ ಎಕ್ಯುರೆಯಿಯ ಬಿ3 ಮಾದರಿ 2005ರ ಮೇ 14ರಂದು ಎವರೆಸ್ಟ್ ತುದಿ ಮುಟ್ಟಿತು. ಪೈಲಟ್ ದಿದಿಯೆ ದೆಲ್ಸಾಲ್. ಅಷ್ಟು ಎತ್ತರದಲ್ಲಿ ಅದಕ್ಕೆ ಹೆಸರು ಬಂದದ್ದು ಹಾರಿದ್ದಕ್ಕಲ್ಲ, ಇಳಿದು ಮೂರು ಮುಕ್ಕಾಲು ನಿಮಿಷಕ್ಕಿಂತ ಜಾಸ್ತಿ ಅಲ್ಲೇ ಇದ್ದದ್ದಕ್ಕೆ. ನನ್ನದು ಕಪಾಟಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಇದೆ. ಎತ್ತರ ಸ್ವಲ್ಪ ಕಡಿಮೆ, ಒಪ್ಪಿಕೊಳ್ಳುತ್ತೇನೆ.

ರೋಟರ್ ಮುಟ್ಟಲೇಬೇಕು ಅನಿಸಿದರೆ ಮುಟ್ಟಿ, ಬೇಡ ಅನ್ನುವುದಿಲ್ಲ. ಎಕ್ಯುರೆಯಿ ಆದರೆ ಅದರ ಎಡಗಡೆಯ ಬ್ಲೇಡ್ ಮೂಗಿನ ಕಡೆಗೆ ಹೋಗಬೇಕು. ಬೆಲ್ ಆದರೆ ಬಲಗಡೆಯದು.