ಕೂಲರ್ ಜುಮ್ ಅಂದಾಗ

ರಾಯಚೂರಿನ ಮೇ ತಿಂಗಳು ಕೂಲರ್ ಇಲ್ಲದೆ ಕಳೆಯೋದಲ್ಲ. ನಮ್ಮದು ತಗಡಿನ ಹಳೇ ಕೂಲರ್, ಕಿಟಕಿಗೆ ಹೊಂದಿಸಿ ಸ್ಟ್ಯಾಂಡಿನ ಮೇಲೆ ಕೂಡಿಸಿದ್ದು. ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿತ್ತು. "ಚಪ್ಪಲಿ ಹಾಕ್ಕೊಂಡು ನೀರು ಹಾಕ್ರಿ" ಅಂತ ಒಬ್ಬರಿಗೊಬ್ಬರು ಹೇಳಿಕೊಂಡೇ ಎರಡು ಬೇಸಿಗೆ ದಾಟಿಸಿದೆವು. ಶಾಲೆಯಲ್ಲಿ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುವವಳು ನಾನು. ಶಕ್ತಿನಗರದಲ್ಲಿ ಕರೆಂಟ್ ತಯಾರಾಗೋದು ನೋಡಿ ನೋಡಿ ನಮ್ಮೂರಿನವರಿಗೆ ಅದರ ಭಯವೇ ಹೋಗಿದೆಯೋ ಏನೋ.

ಹೋದ ಬೇಸಿಗೆ ಒಂದು ಮಧ್ಯಾಹ್ನ ಅತ್ತಿ ಬರಿಗಾಲಲ್ಲಿ, ಕೂಲರ್ ಓಡುತ್ತಿದ್ದಾಗಲೇ ಕೊಡದಿಂದ ನೀರು ಹಾಕಲು ಹೋದರು. "ಯವ್ವಾ" ಅಂದಿದ್ದಷ್ಟೇ ಕೇಳಿಸಿತು. ಓಡಿ ಬಂದರೆ ಕೊಡ ಉರುಳಿದೆ, ನೀರು ನೆಲದ ತುಂಬಾ, ಅವರ ಬಲಗೈ ಕೂಲರಿನ ಅಂಚು ಹಿಡಿದುಕೊಂಡೇ ಇದೆ. ಎಳೆಯಲು ಕೈ ಚಾಚಿದವಳು ಒದ್ದೆ ನೆಲ ಕಂಡು ನಿಂತೆ. ಪ್ಲಗ್ ಇರೋದೂ ಆ ನೀರಿನ ಆಚೆಗೇ. ಹಿಂದಿನ ಬಾಗಿಲಿಂದ ಸುತ್ತಿ ಓಡಿ, ಮೀಟರ್ ಪಕ್ಕದ ಮೇನ್ ಕೆಳಗೆಳೆದೆ. ಹತ್ತು ಸೆಕೆಂಡು ಹಿಡಿದಿರಬೇಕು, ಹತ್ತು ವರ್ಷದಂತಿತ್ತು. ಒಳಗೆ ಬಂದರೆ ಫ್ಯಾನ್ ಇನ್ನೂ ತಿರುಗುತ್ತಿದೆ! ಎದೆ ಧಸಕ್ಕೆಂದಿತು. ಅದು ಇನ್ವರ್ಟರ್ ಲೈನು. ಮೇನ್ ತೆಗೆದರೂ ಅದು ಸಾಯುವುದಿಲ್ಲ, ಅದನ್ನು ಬೇರೆಯಾಗಿಯೇ ಬಂದ್ ಮಾಡಬೇಕು. ಪುಣ್ಯಕ್ಕೆ ಕೂಲರ್ ಅದರ ಮೇಲಿರಲಿಲ್ಲ.

ಅತ್ತಿ ಕೂತು ನೀರು ಕುಡಿದು "ಏನೂ ಆಗಿಲ್ಲ ಬಿಡವ್ವ" ಅಂದರು. ನಾನು ಬಿಡಲಿಲ್ಲ, ಆಟೋ ಹತ್ತಿಸಿ ದವಾಖಾನಿಗೆ ಒಯ್ದು ಇಸಿಜಿ ಮಾಡಿಸಿದೆ. ಶಾಕ್ ಹೊಡೆದವರ ಎದೆಬಡಿತ ಮೇಲ್ನೋಟಕ್ಕೆ ಗೊತ್ತಾಗದಂತೆ ಏರುಪೇರಾಗಬಹುದು. ಪ್ರಜ್ಞೆ ತಪ್ಪಿದ್ದರೆ ಆಟೋ ಅಲ್ಲ, 108ಕ್ಕೇ ಫೋನ್ ಮಾಡುತ್ತಿದ್ದೆ.

ಸಂಜೆ ವಾಯರಿಂಗ್ ಮಾಡುವ ಹುಡುಗ ಬಂದ. ಕೂಲರಿನ ನೀರಿನ ಮೋಟರ್ ಒಳಗೆ ಸುಟ್ಟು ಕರೆಂಟ್ ತಗಡಿಗೆ ಇಳಿಯುತ್ತಿತ್ತು. ಅದು ಅರ್ಥಿಂಗ್ ತಂತಿಯಲ್ಲಿ ಭೂಮಿಗೆ ಹೋಗಬೇಕಿತ್ತು. ಪ್ಲಗ್ ಬಿಚ್ಚಿದರೆ ಹಸಿರು ತಂತಿಯನ್ನು ಯಾರೋ ಕತ್ತರಿಸಿ ಮಡಚಿಟ್ಟಿದ್ದಾರೆ. "ಶಾಕ್ ಹೊಡೀತದ ಅಂತ ಕತ್ತರಿಸ್ಯಾರ ಟೀಚರ್" ಅಂದ. ಅಂಗಳದ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ ಬಿರುಕು ಬಿಟ್ಟಿತ್ತು. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಹಸಿ ಇಲ್ಲದಿದ್ದರೆ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ.

"ಎಂಸಿಬಿ ಯಾಕೆ ಬೀಳಲಿಲ್ಲ?" ಅಂತ ಕೇಳಿದೆ. ಕೇಳುವಾಗಲೇ ಉತ್ತರ ನೆನಪಾಯಿತು. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಬೀಳುವ ಸ್ವಿಚ್. ನಮ್ಮದು 16 ಆಂಪಿಯರಿನದು. ಅತ್ತಿಯ ಕೈ ಕಚ್ಚಿ ಹಿಡಿಯಲು ಹತ್ತು ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರನೇ ಒಂದು ಭಾಗದ ಆಸುಪಾಸು ಸಾಕು. ಅಷ್ಟು ಸಣ್ಣ ಸೋರಿಕೆ ಎಂಸಿಬಿಯ ಕಣ್ಣಿಗೇ ಬೀಳಲ್ಲ. ಅದಕ್ಕೆ ಆರ್‌ಸಿಸಿಬಿ ಬೇಕು, ಕರೆಂಟ್ ಸೋರಿದ್ದು ಕಂಡೊಡನೆ ಬೀಳುವ ಸ್ವಿಚ್ ಅದು, 30 ಮಿಲಿ ಆಂಪಿಯರಿನದು. ಮರುದಿನವೇ ಹಾಕಿಸಿದೆ.

ಅವನು ಹೋಗುವಾಗ ಇನ್ನೊಂದು ಹೇಳಿದ: ಎಂಸಿಬಿ ಮೇಲೆ ಮೇಲೆ ಬೀಳುತ್ತಿದ್ದರೆ ಎತ್ತಿ ಎತ್ತಿ ಕೂಡಿಸಬೇಡ್ರಿ, ಸುಟ್ಟ ವಾಸನೆ ಬಂದರೆ ಮೇನ್ ತೆಗೆದು ನನಗೆ ಫೋನ್ ಹಚ್ಚಿ. ಬೆಂಕಿ ಹತ್ತಿದ್ದರೆ ನೀರು ಮಾತ್ರ ಹಾಕಬೇಡ್ರಿ. ಇಡೀ ಮನೆಯ ಬಲ್ಬು ಒಮ್ಮೆಲೇ ಝಗ್ಗೆಂದು ಉರಿದು ಮತ್ತೆ ಮಂಕಾದರೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಸಡಿಲಾಗಿರಬಹುದು. ಮೊದಲು ಮೇನ್ ಬಂದ್. ಕಂಬದಿಂದ ಮೀಟರ್ ತನಕದ್ದು ನನ್ನ ಕೆಲಸವಲ್ಲ, 1912ಕ್ಕೆ ಹಚ್ಚಿದರೆ ಕರೆಂಟ್ ಕಂಪನಿ ಜೆಸ್ಕಾಂನವರು ಬರುತ್ತಾರೆ.

ಈಗ ತಿಂಗಳ ಮೊದಲನೇ ತಾರೀಖಿಗೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತುತ್ತೇನೆ. ಟಪ್ಪಂತ ಬಿದ್ದು ಕೂಲರ್ ನಿಲ್ಲುತ್ತದೆ. "ಮತ್ತೇನಾತವ್ವ?" ಅಂತ ಅತ್ತಿ ಒಳಗಿಂದ ಕೂಗುತ್ತಾರೆ.