ಐಸಿನ ಪಕ್ಕದಲ್ಲಿ ಉಲ್ಲನ್ ಸಾಕ್ಸು

ಪ್ರತಿ ಯುಗಾದಿಯ ಬೆಳಿಗ್ಗೆ ತಿಪಟೂರು ಕಡೆಯ ಹಳ್ಳಿಯೊಂದರಿಂದ ನನಗೆ ಫೋನು ಬರುತ್ತದೆ. "ಸಿಸ್ಟರಮ್ಮ, ಬೇವು ಬೆಲ್ಲ ಆಯ್ತಾ?" ಎಂದು ಶುರುವಾಗುತ್ತದೆ. ಮಳೆ, ಕೊಬ್ಬರಿ ರೇಟು, ಮೊಮ್ಮಗಳ ಸ್ಕೂಲು ಎಲ್ಲ ಮುಗಿದ ಮೇಲೆ ಆ ತಾಯಿ ತಪ್ಪದೆ ಒಂದು ಮಾತು ಹೇಳುತ್ತಾರೆ: "ಅವತ್ತು ನೀವು ಐಸು ಇಟ್ಟು ನನ್ ಮಗನ್ನ ಉಳಿಸಿಕೊಟ್ರಿ ಕಣವ್ವ."

ಬಹಳ ವರ್ಷ ಆ ಮಾತನ್ನು ಸಂತೋಷದಿಂದ ಕೇಳಿಸಿಕೊಂಡೆ. ಆಮೇಲಾಮೇಲೆ ಅದನ್ನು ಕೇಳುವಾಗ ಎದೆಯಲ್ಲಿ ಏನೋ ಚುಚ್ಚಿದ ಹಾಗಾಗುತ್ತಿತ್ತು. ಯಾಕೆ ಅಂತ ಇವತ್ತು ಬರೆಯುತ್ತೇನೆ.

ನಾನು ಬೆಂಗಳೂರಿನಲ್ಲಿ ನ್ಯೂರೋ ಐಸಿಯು ನರ್ಸು. 2008ರಲ್ಲಿ ಆ ಹುಡುಗ ಬಂದಾಗ ಅವನಿಗೆ ಹತ್ತೊಂಬತ್ತು. ಲೈಟಿಲ್ಲದೆ ನಿಂತಿದ್ದ ಟ್ರಾಕ್ಟರ್ ಟ್ರೇಲರಿಗೆ ರಾತ್ರಿ ಬೈಕು ಗುದ್ದಿದ್ದ. ಹೆಲ್ಮೆಟ್ ಇರಲಿಲ್ಲ. ಜಿಸಿಎಸ್ 6. ಪ್ರಜ್ಞೆ ಎಷ್ಟಿದೆ ಎಂದು ಅಳೆಯುವ ಈ ಗ್ಲಾಸ್ಗೋ ಲೆಕ್ಕದಲ್ಲಿ ನಿಮಗೂ ನನಗೂ 15 ಬರುತ್ತದೆ, ಅತಿ ಕಡಿಮೆ ಅಂದರೆ 3. ಎಂಟು ಮತ್ತು ಅದಕ್ಕಿಂತ ಕೆಳಗಿದ್ದರೆ ತೀವ್ರ ಪೆಟ್ಟು. ಹೆಪ್ಪುಗಟ್ಟಿದ ರಕ್ತವನ್ನು ಆಪರೇಷನ್ ಮಾಡಿ ತೆಗೆದಿದ್ದರು. ಆದರೆ ಮೆದುಳಿನ ಬಾವು ಇಳಿಯುತ್ತಿರಲಿಲ್ಲ. ತಲೆಬುರುಡೆಯೊಳಗಿನ ಒತ್ತಡ, ನಾವು ಐಸಿಪಿ ಅನ್ನುವುದು, 28, 30, ಮತ್ತೆ 29. ಇಪ್ಪತ್ತು ದಾಟಿದರೇ ನಮಗೆ ಗಾಬರಿ. ಬಾವು ಇಳಿಸುವ ಮ್ಯಾನಿಟಾಲ್ ಔಷಧ ಕೊಟ್ಟಾಗಿತ್ತು, ತಲೆಯ ಕಡೆ ಮಂಚ ಏರಿಸಿಯಾಗಿತ್ತು, ನಿದ್ದೆಯ ಔಷಧ ಹೆಚ್ಚಿಸಿಯಾಗಿತ್ತು. ರಾತ್ರಿ ಒಂದು ಗಂಟೆಗೆ ನಮ್ಮ ಡಾಕ್ಟರು "ಕೂಲ್ ಮಾಡೋಣ" ಅಂದರು.

ಅದರ ಹಿಂದಿನ ತರ್ಕ ಇದು. ಮೈಯ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮೆದುಳಿಗೆ ಬೇಕಾಗುವ ಆಮ್ಲಜನಕ ಸುಮಾರು ಶೇ. 6-7ರಷ್ಟು ಕಡಿಮೆಯಾಗುತ್ತದೆ. ಪೆಟ್ಟು ತಿಂದ ಮೆದುಳಿಗೆ ರಕ್ತ ಸರಿಯಾಗಿ ಹೋಗದಿದ್ದಾಗ ಅದರ ಹಸಿವನ್ನೇ ತಗ್ಗಿಸುವುದು. ಫಿಲಡೆಲ್ಫಿಯಾದಲ್ಲಿ ಟೆಂಪಲ್ ಫೇ ಎಂಬ ನರಶಸ್ತ್ರವೈದ್ಯರು 1930ರ ದಶಕದ ಕೊನೆಯಲ್ಲೇ ರೋಗಿಗಳನ್ನು ತಣ್ಣಗಿಡಲು ಶುರುಮಾಡಿದ್ದರು. ಪಿಟ್ಸ್‌ಬರ್ಗಿನಲ್ಲಿ 82 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಚೆನ್ನಾಗಿದ್ದವರು ತಣ್ಣಗಿಟ್ಟ ಗುಂಪಿನಲ್ಲಿ ಶೇ. 62, ಇನ್ನೊಂದರಲ್ಲಿ ಶೇ. 38. ಆಸೆ ಹುಟ್ಟದೆ ಇರುತ್ತದೆಯೇ?

ನಮ್ಮಲ್ಲಿ ಆಗ ಕೂಲಿಂಗ್ ಮೆಷಿನ್ ಇರಲಿಲ್ಲ. ಗ್ಲೌಸುಗಳಲ್ಲಿ ನೀರು ತುಂಬಿ, ಗಂಟು ಹಾಕಿ, ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟಿರುತ್ತಿದ್ದೆವು. ಅದನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕುತ್ತಿಗೆಯ ಎರಡೂ ಬದಿಗೆ ಇಟ್ಟೆವು. ಮೂಗಿನಿಂದ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಹೊಟ್ಟೆಗೆ ತಣ್ಣನೆ ಸಲೈನು, ಮೈಮೇಲೆ ಒದ್ದೆ ಬಟ್ಟೆ, ಎದುರಿಗೆ ಟೇಬಲ್ ಫ್ಯಾನು. 37.9ರಿಂದ 33.8ಕ್ಕೆ ಇಳಿಸುವಷ್ಟರಲ್ಲಿ ಬೆಳಗಾಯಿತು. ಐಸ್ ಇಡುವುದು ಕಷ್ಟದ ಕೆಲಸವಲ್ಲ. ನಡುಕ ತಡೆಯುವುದು ಕಷ್ಟ. ಮೊದಲು ದವಡೆ ಅದುರುತ್ತದೆ, ಆಮೇಲೆ ಎದೆ. ನಡುಗಿದರೆ ಮೈ ಇನ್ನಷ್ಟು ಆಮ್ಲಜನಕ ಸುಡುತ್ತದೆ, ಮಾಡಿದ್ದೆಲ್ಲ ನೀರುಪಾಲು. ಅದಕ್ಕೇ ಅವನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದೆ. ಕಣ್ಣಿಗೆ ಕಾಣುವ ಮುಂಚೆ ನಡುಕ ಕೈಗೆ ಗೊತ್ತಾಗುತ್ತದೆ.

ಬೆಳಿಗ್ಗೆ ಐದು ನಿಮಿಷಕ್ಕೆಂದು ತಾಯಿಯನ್ನು ಒಳಗೆ ಬಿಟ್ಟೆವು. ಆಕೆ ಮಗನ ಪಾದ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. "ಇದೇನವ್ವ, ಇಷ್ಟು ತಣ್ಣಗೈತೆ?" ಅಂದವರ ಮುಖ ನೋಡಿ ನನಗೆ ಮಾತು ಹೊರಡಲಿಲ್ಲ. ತಣ್ಣನೆಯ ಪಾದ ಅಂದರೆ ನಮ್ಮ ಕಡೆ ಏನರ್ಥ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೇಕು ಅಂತಲೇ ತಣ್ಣಗಿಟ್ಟಿದ್ದೇವೆ, ಉಸಿರಿದೆ, ನಾಡಿಯಿದೆ ಎಂದು ಮಾನಿಟರ್ ತೋರಿಸಿ ವಿವರಿಸಿದೆ. ತಲೆಯಾಡಿಸಿ ಹೋದರು. ಸಂಜೆ ಬಂದಾಗ ಕೈಯಲ್ಲಿ ಒಂದು ಜೊತೆ ಮೆರೂನ್ ಬಣ್ಣದ ಉಲ್ಲನ್ ಸಾಕ್ಸು. "ಅಲ್ಲೆಲ್ಲ ಐಸಿಡಿ, ಬ್ಯಾಡ ಅನ್ನಲ್ಲ. ಕಾಲಿಗಾದ್ರೂ ಇದು ಹಾಕ್ಲಾ?"

ನಾನೇ ಹಾಕಿದೆ. ಆಕೆಯ ಸಮಾಧಾನಕ್ಕೆ ಅಂದುಕೊಂಡಿದ್ದೆ. ಅಂಗೈ ಅಂಗಾಲಿನ ಚರ್ಮ ಬೆಚ್ಚಗಿದ್ದರೆ ನಡುಕ ಕಡಿಮೆಯಾಗುತ್ತದೆ, ಅದೂ ಒಂದು ಚಿಕಿತ್ಸಾಕ್ರಮವೇ ಎಂದು ಆಮೇಲೆ ಒಂದು ತರಬೇತಿಯಲ್ಲಿ ಕಲಿತೆ.

ಐಸಿಪಿ 17ಕ್ಕೆ ಇಳಿಯಿತು. ಎರಡು ದಿನ ಹಾಗೇ ಇಟ್ಟು, ನಂತರ ಗಂಟೆಗೆ ಕಾಲು ಡಿಗ್ರಿಯಂತೆ ಬೆಚ್ಚಗೆ ಮಾಡಿದೆವು. ಅವಸರ ಮಾಡಿದರೆ ಒತ್ತಡ ಮತ್ತೆ ಏರುತ್ತದೆ, ರಕ್ತದ ಪೊಟ್ಯಾಸಿಯಮ್ಮೂ ಏರುತ್ತದೆ. ಆರನೇ ದಿನ ನ್ಯುಮೋನಿಯಾ ಬಂತು, ವಾಸಿಯಾಯಿತು. ಹತ್ತೊಂಬತ್ತನೇ ದಿನ ಕಣ್ಣು ಬಿಟ್ಟ. ಈಗ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಎಡಗೈ ಸ್ವಲ್ಪ ಸೋಲುತ್ತದೆ, ಅಷ್ಟೇ.

2013ರ ಡಿಸೆಂಬರಿನಲ್ಲಿ ರೇಸ್ ಕಾರಿನ ಮೈಕೆಲ್ ಶೂಮಾಕರ್ ಸ್ಕೀಯಿಂಗ್ ಮಾಡುವಾಗ ಬಿದ್ದು ತಲೆಗೆ ಪೆಟ್ಟಾಯಿತಲ್ಲ, ಫ್ರಾನ್ಸಿನ ಗ್ರೆನೋಬಲ್ ಆಸ್ಪತ್ರೆಯಲ್ಲಿ ಅವರ ಮೈಯನ್ನು ತಣ್ಣಗಿಟ್ಟಿದ್ದಾರೆಂದು ಪೇಪರುಗಳಲ್ಲೆಲ್ಲ ಬಂತು. ಅದಾದ ಮೇಲೆ ಸಂಬಂಧಿಕರು ನೇರವಾಗಿ ಕೇಳತೊಡಗಿದರು: "ಅವರಿಗೆ ಮಾಡಿದ್ದು ನಮ್ಮ ಅಣ್ಣನಿಗೆ ಯಾಕೆ ಮಾಡಲ್ಲ?" ನಾನಂತೂ ಮಾಡಬೇಕೆಂದೇ ನಂಬಿದ್ದೆ. ತಿಪಟೂರಿನ ಹುಡುಗನನ್ನು ಕಣ್ಣಾರೆ ಕಂಡಿದ್ದೆನಲ್ಲ.

2015ರ ಕೊನೆಯಲ್ಲಿ ಒಂದು ಬೆಳಗಿನ ಕ್ಲಾಸಿನಲ್ಲಿ ಅದೇ ಡಾಕ್ಟರು ಯೂರೋಥರ್ಮ್ ಎಂಬ ಪರೀಕ್ಷೆಯ ಫಲಿತಾಂಶ ಓದಿದರು. 18 ದೇಶಗಳ 387 ರೋಗಿಗಳು, ಎಲ್ಲರಿಗೂ ಐಸಿಪಿ ಇಪ್ಪತ್ತರ ಮೇಲೆ, ಥೇಟ್ ನಮ್ಮ ಹುಡುಗನ ಹಾಗೆ. ಆರು ತಿಂಗಳ ನಂತರ ಪರವಾಗಿಲ್ಲ ಅನ್ನುವ ಸ್ಥಿತಿಯಲ್ಲಿದ್ದವರು ತಣ್ಣಗಿಟ್ಟ ಗುಂಪಿನಲ್ಲಿ ಶೇ. 26. ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇ. 37. ಹಾನಿಯ ಸೂಚನೆ ಕಂಡು ಪರೀಕ್ಷೆಯನ್ನು ಅರ್ಧದಲ್ಲೇ ನಿಲ್ಲಿಸಿದ್ದರು. ತಣ್ಣಗಿಟ್ಟರೆ ಒತ್ತಡ ಇಳಿಯುವುದೇನೋ ನಿಜ, ಅಲ್ಲೂ ಇಳಿದಿತ್ತು. ನಾವು ರಾತ್ರಿಯೆಲ್ಲ ಆ ಮಾನಿಟರಿನ ಅಂಕಿ ನೋಡಿಯೇ ಖುಷಿಪಟ್ಟಿದ್ದೆವು. ಆದರೆ ಆ ಅಂಕಿ ಇಳಿದ ಮಾತ್ರಕ್ಕೆ ಹೆಚ್ಚು ಜನ ಎದ್ದು ಓಡಾಡುವಂತಾಗಲಿಲ್ಲ.

ಡಾಕ್ಟರು ಇನ್ನೂ ಹಿಂದಕ್ಕೆ ಹೋದರು. ಅಮೆರಿಕದಲ್ಲಿ 392 ರೋಗಿಗಳ ಪರೀಕ್ಷೆ 2001ರಲ್ಲೇ ಪ್ರಕಟವಾಗಿತ್ತು. ಎರಡೂ ಗುಂಪಿನಲ್ಲಿ ಶೇ. 57 ಜನರ ಸ್ಥಿತಿ ಕೆಟ್ಟದಾಗಿತ್ತು. 2008ರಲ್ಲಿ ಮಕ್ಕಳ ಮೇಲಿನ ಅಧ್ಯಯನ ಬಂತು, ಅಲ್ಲಿಯೂ ಲಾಭವಿಲ್ಲ. ಅಂದರೆ ನಾನು ಗ್ಲೌಸಿಗೆ ನೀರು ತುಂಬುತ್ತಿದ್ದ ವರ್ಷವೇ. "ಇನ್ನು ಮೇಲೆ ಇದು ಬೇಡ" ಅಂದರು. ಅವರ ದನಿ ಸಣ್ಣದಾಗಿತ್ತು. ತಾನು ನಂಬಿ ಮಾಡಿದ್ದನ್ನು ಹತ್ತು ಜನ ಕಿರಿಯರ ಮುಂದೆ ನಿಂತು ಬಿಟ್ಟುಕೊಡುವ ಡಾಕ್ಟರರ ಮೇಲೆ ನನಗಿರುವ ಗೌರವ ಅವತ್ತು ಇಮ್ಮಡಿಯಾಯಿತು.

ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ನಾನು ತಣ್ಣಗಿಟ್ಟವನು ಇವನೊಬ್ಬನೇ ಅಲ್ಲ. ಚನ್ನಪಟ್ಟಣದ ಮೇಷ್ಟ್ರಿದ್ದರು, ಕೋಲಾರದ ಟೊಮೆಟೊ ಲಾರಿಯ ಕ್ಲೀನರ್ ಹುಡುಗನಿದ್ದ, ಮದುವೆಯಾಗಿ ಎರಡು ತಿಂಗಳಾಗಿದ್ದ ಒಬ್ಬಳಿದ್ದಳು. ಅವರ ಮನೆಗಳಿಂದ ನನಗೆ ಯುಗಾದಿಗೆ ಫೋನು ಬರುವುದಿಲ್ಲ. ಬರುವ ಒಂದೇ ಫೋನನ್ನು ಇಟ್ಟುಕೊಂಡು ಏಳು ವರ್ಷ ಲೆಕ್ಕ ಹಾಕಿದ್ದೆ.

2018ರಲ್ಲಿ ಆಸ್ಟ್ರೇಲಿಯಾದವರ ಮುಂದಾಳತ್ವದ ಪೋಲಾರ್ ಪರೀಕ್ಷೆ ಬಂತು. ಆರು ದೇಶ, 511 ಜನ. ತಡವಾಗಿ ಶುರುಮಾಡುವುದರಿಂದಲೇ ಫಲ ಸಿಗುತ್ತಿಲ್ಲವೇನೋ ಎಂದು, ಆಂಬುಲೆನ್ಸಿನಲ್ಲೇ ತಣ್ಣಗೆ ಮಾಡಲು ಶುರುವಿಟ್ಟಿದ್ದರು. ಆರು ತಿಂಗಳ ನಂತರ ಪರವಾಗಿಲ್ಲ ಅನ್ನುವಂತಿದ್ದವರು ತಣ್ಣಗಿಟ್ಟ ಗುಂಪಿನಲ್ಲಿ ಶೇ. 48.8, ಇನ್ನೊಂದರಲ್ಲಿ ಶೇ. 49.1. ನನ್ನೊಳಗೆ ಉಳಿದಿದ್ದ ಚೂರು ಆಸೆಯೂ ಅವತ್ತಿಗೆ ಹೋಯಿತು. ಹುಟ್ಟುವಾಗ ಉಸಿರುಗಟ್ಟಿದ ಶಿಶುಗಳ ವಿಷಯ ಬೇರೆ, ಶ್ರೀಮಂತ ದೇಶಗಳಲ್ಲಿ ಅವರನ್ನು 72 ಗಂಟೆ ತಣ್ಣಗಿಡುವುದರಿಂದ ಲಾಭವಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೀಲಿಕ್ಸ್ ಪರೀಕ್ಷೆಯಲ್ಲಿ ತಣ್ಣಗಿಟ್ಟ ಕೂಸುಗಳೇ ಹೆಚ್ಚು ತೀರಿಕೊಂಡವು. ಹಾಗಾಗಿ ಯಾರಾದರೂ ಹೊರದೇಶದ ವಿಡಿಯೋ ಕಳಿಸಿ ಕೇಳಿದರೆ, ನಮ್ಮ ಮಕ್ಕಳ ಮೇಲೆ ಏನಾಯಿತು ಅಂತಲೂ ಹೇಳುತ್ತೇನೆ.

ಈಗ ನಮ್ಮ ವಾರ್ಡಿನಲ್ಲಿ ಮಾಡುವುದು ಜ್ವರ ಬರದಂತೆ ಕಾಯುವುದು. ಪೆಟ್ಟಾದ ಮೆದುಳಿಗೆ ಜ್ವರ ಕೆಟ್ಟದ್ದು. 37.5 ದಾಟಿತೆಂದರೆ ಪ್ಯಾರಸಿಟಮಾಲ್, ಒದ್ದೆ ಬಟ್ಟೆ, ಕಫ ಎಲ್ಲಿ ಕಟ್ಟಿದೆ, ರಕ್ತನಾಳಕ್ಕೆ ಹಾಕಿದ ಯಾವ ಲೈನಿನ ಜಾಗ ಕೆಂಪಾಗಿದೆ ಎಂದು ಹುಡುಕಾಟ. ಹೊಸ ಹುಡುಗಿಯರಿಗೆ ನಾನು ಹೇಳಿಕೊಡುವುದು ಇದನ್ನೇ: ಆಮ್ಲಜನಕ ಬೀಳಬಾರದು, ಬಿಪಿ ಬೀಳಬಾರದು, ಜ್ವರ ಏರಬಾರದು. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ದಯವಿಟ್ಟು ಬಾಯಿಗೆ ನೀರು ಹಾಕಬೇಡಿ. ಪ್ರಜ್ಞೆಯಿಲ್ಲದವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕುತ್ತಿಗೆ ತಿರುಚದೆ, ಉಸಿರಾಟ ನೋಡಿಕೊಂಡು, 108ಕ್ಕೆ ಫೋನ್ ಮಾಡಿ.

ಈ ಯುಗಾದಿಗೆ ತಾಯಿ ಮತ್ತೆ ಅದೇ ಮಾತು ಹೇಳಿದಾಗ ಸುಮ್ಮನಿರಲಾಗಲಿಲ್ಲ. "ಅಮ್ಮ, ಐಸಿನಿಂದ ಉಳಿದ ಅಂತ ಹೇಳೋಕಾಗಲ್ಲ. ಐಸಿಟ್ಟೂ ಉಳಿದನೇನೋ. ಆಮೇಲೆ ದೊಡ್ಡ ದೊಡ್ಡ ಪರೀಕ್ಷೆ ಮಾಡಿ ನೋಡಿದಾರೆ, ಅದರಿಂದ ಉಪಯೋಗ ಇಲ್ಲ ಅಂತ ಗೊತ್ತಾಗಿದೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಹಂಗಾರೆ ಯಾತರಿಂದ ಉಳಿದ?"

ಅವನ ಮಾವ ಸಿಕ್ಕಿದ ಕಾರು ಹತ್ತಿಸಿಕೊಂಡು ತಡಮಾಡದೆ ತಂದದ್ದು, ಬಂದ ರಾತ್ರಿಯೇ ಆಪರೇಷನ್ ಆದದ್ದು, ಹತ್ತೊಂಬತ್ತರ ವಯಸ್ಸು, ಎಲ್ಲ ಹೇಳಿದೆ. ಕೇಳಿಸಿಕೊಂಡರು.

"ಸಾಕ್ಸು?"

"ಅದರಿಂದ ನಡುಕ ಕಮ್ಮಿ ಆಯ್ತಮ್ಮ. ಅದು ನಿಜ."

"ಇನ್ನೂ ಮಡಗಿದೀನಿ ಕಣವ್ವ, ಟ್ರಂಕಿನಾಗೆ" ಅಂದು, ಬೇಸಿಗೆ ರಜಕ್ಕೆ ಮಕ್ಕಳನ್ನು ಕರಕೊಂಡು ಬನ್ನಿ ಅಂತ ಪ್ರತಿ ವರ್ಷದ ಹಾಗೆ ಕರೆದರು.