ತೊಂದೋನಿಯಾ ರಿಸರ್ವಾ ತೆರೆಯುವ ಮುನ್ನ

ವಿನ್ಯಾ ತೊಂದೋನಿಯಾ ರಿಸರ್ವಾ ಎಂಬ, ಬಹುಕಾಲ ಮಾಗಿಸಿದ ಸ್ಪೇನಿನ ಕೆಂಪು ವೈನನ್ನು ಮೊದಲ ಸಲ ಗ್ಲಾಸಿಗೆ ಬಗ್ಗಿಸಿದಾಗ ‘ಕೆಟ್ಟುಹೋಗಿದೆಯಾ?’ ಎಂಬ ಅನುಮಾನ ಬರುವುದುಂಟು. ಬಣ್ಣ ತಿಳಿ, ಅಂಚಿನಲ್ಲಿ ಇಟ್ಟಿಗೆ ಕೆಂಪು. ಹಣ್ಣಿಗಿಂತ ಹುಳಿ ಮುಂದು. ಮೂಗಿಗೆ ಒಣ ಚೆರಿ, ತೊಗಲು, ತಂಬಾಕು. ಇದು ಕೆಟ್ಟದ್ದಲ್ಲ, ಮಾಡುವ ಕ್ರಮವೇ ಹಾಗೆ.

ಸ್ಪೇನಿನ ರಿಯೋಹಾ ಸೀಮೆಯ ಆರೋ ಪಟ್ಟಣದಲ್ಲಿ, ರೈಲು ನಿಲ್ದಾಣದ ಮಗ್ಗುಲಲ್ಲೇ, ರಫಾಯೆಲ್ ಲೋಪೆಸ್ ದೆ ಎರೆದಿಯಾ 1877ರಲ್ಲಿ ಈ ವೈನರಿ ಶುರುಮಾಡಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಫಿಲಾಕ್ಸೆರಾ ಕೀಟ ನುಂಗುತ್ತಿದ್ದ ಕಾಲ ಅದು. ಅಲ್ಲಿನ ಬೋರ್ಡೊ ಸೀಮೆಯ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದರು. ಇವತ್ತಿಗೂ ಅದೇ ಕುಟುಂಬದ ಒಡೆತನ. ತೊಂದೋನಿಯಾ ಎನ್ನುವುದು ಎಬ್ರೊ ನದಿಯ ಬಲದಂಡೆಯಲ್ಲಿರುವ, ನೂರು ಹೆಕ್ಟೇರಿನಷ್ಟು ದೊಡ್ಡ ತೋಟದ ಹೆಸರು.

ಕೆಂಪು ರಿಸರ್ವಾದಲ್ಲಿ ನಾಲ್ಕು ದ್ರಾಕ್ಷಿ ತಳಿಗಳಿವೆ: ನೂರಕ್ಕೆ ಸುಮಾರು 75 ಪಾಲು ಟೆಂಪ್ರಾನಿಯೊ, 15 ಪಾಲು ಗರ್ನಾಚೊ, ಉಳಿದದ್ದು ಗ್ರಾಸಿಯಾನೊ ಮತ್ತು ಮಸುವೆಲೊ. ರಿಯೋಹಾದ ನಿಯಮದಂತೆ ರಿಸರ್ವಾ ಎನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕನಿಷ್ಠ ಒಂದು ವರ್ಷ ಇರಬೇಕು. ಇವರು ಆರು ವರ್ಷ ಇಡುತ್ತಾರೆ. ವರ್ಷಕ್ಕೆರಡು ಸಲ ಗಷ್ಟನ್ನು ಹಿಂದೆ ಬಿಟ್ಟು ಬೇರೆ ಪೀಪಾಯಿಗೆ ಬಸಿಯುತ್ತಾರೆ. ಪ್ರತಿ ಸಲವೂ ತುಸು ಗಾಳಿ ಸೋಕಿ ಒಗರು ಕೊಡುವ ಟ್ಯಾನಿನ್ ಮೆತ್ತಗಾಗುತ್ತದೆ, ಬಣ್ಣವೂ ಇಳಿಯುತ್ತದೆ. ಪೀಪಾಯಿಗಳು ಅಮೆರಿಕನ್ ಓಕಿನವು, ಕಟ್ಟುವುದು ವೈನರಿಯೊಳಗೇ. ಆದರೆ ಹಳೆಯವನ್ನೇ ಮತ್ತೆ ಮತ್ತೆ ಬಳಸುವುದರಿಂದ ಹೊಸ ಓಕಿನ ವೆನಿಲಾ ವಾಸನೆ ಮೇಲೆದ್ದು ಕೂರುವುದಿಲ್ಲ. ಕೊನೆಗೆ ಮೊಟ್ಟೆಯ ಬಿಳಿ ಹಾಕಿ ತಿಳಿಗೊಳಿಸಿ, ಫಿಲ್ಟರ್ ಮಾಡದೆ ಬಾಟಲಿಗೆ ತುಂಬುತ್ತಾರೆ. (ನೆಲಮಾಳಿಗೆಯ ಜೇಡರ ಬಲೆಗಳನ್ನೂ ಗುಡಿಸುವುದಿಲ್ಲ, ಕಾರ್ಕ್ ಕೊರೆಯುವ ಹುಳುಗಳನ್ನು ಜೇಡಗಳು ಹಿಡಿಯುತ್ತವೆ.)

ಫಿಲ್ಟರ್ ಮಾಡದ ಕಾರಣ ಬಾಟಲಿಯ ತಳದಲ್ಲಿ ಗಷ್ಟು ಇರಬಹುದು. ತೆರೆಯುವ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ. ಇಪ್ಪತ್ತು ವರ್ಷ ದಾಟಿದ ಕಾರ್ಕಿಗೆ ಸ್ಕ್ರೂ ಚುಚ್ಚಿದರೆ ಪುಡಿಯಾಗುವ ಸಂಭವ ಹೆಚ್ಚು. ಎರಡು ತೆಳು ಅಲಗಿನ ಓಪನರನ್ನು ಕಾರ್ಕಿನ ಅಕ್ಕಪಕ್ಕ ಇಳಿಸಿ, ತಿರುಗಿಸುತ್ತಾ ಎಳೆಯಿರಿ. ಆದರೂ ಮುರಿದು ಒಳಗೆ ಬಿದ್ದರೆ ತೆಳು ಮಲ್ ಬಟ್ಟೆಯಲ್ಲಿ ಸೋಸಿದರಾಯಿತು.

ಡಿಕ್ಯಾಂಟರಿಗೆ (ವೈನ್ ಬಗ್ಗಿಸಿಡುವ ಗಾಜಿನ ಹೂಜಿ) ಬಗ್ಗಿಸುವಾಗ ಬಾಟಲಿಯ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು, ಕೈ ತಡೆಯದೆ ಒಂದೇ ಧಾರೆಯಾಗಿ ಬಿಡಿ. ಕಪ್ಪು ಎಳೆ ಕತ್ತಿಗೆ ಬಂದೊಡನೆ ನಿಲ್ಲಿಸಿ. ನಡುವೆ ಬಾಟಲಿ ನೆಟ್ಟಗೆ ಮಾಡಿದಿರೋ, ಕುಳಿತ ಗಷ್ಟೆಲ್ಲ ಮತ್ತೆ ಕದಡುತ್ತದೆ. ರಿಸರ್ವಾಕ್ಕೆ ಅರ್ಧ ಗಂಟೆ ಗಾಳಿ ಸಾಕು. ರಿಸರ್ವಾಕ್ಕಿಂತ ಹೆಚ್ಚು ಕಾಲ ಮಾಗಿಸಿದ ಗ್ರಾನ್ ರಿಸರ್ವಾ, ಅದೂ ತೀರ ಹಳೆಯದಾದರೆ ಬಗ್ಗಿಸಿದ ಕೂಡಲೇ ಕುಡಿಯುವುದು ಲೇಸು, ಅದರ ಪರಿಮಳ ಹೆಚ್ಚು ಹೊತ್ತು ನಿಲ್ಲದು.

16ರಿಂದ 18 ಡಿಗ್ರಿಯಲ್ಲಿ ಕುಡಿಯಬೇಕು. ‘ರೂಮ್ ಟೆಂಪರೇಚರ್’ ಎಂಬ ಮಾತು ಬೆಂಗಳೂರಿನ ಏಪ್ರಿಲ್‌ಗೆ ಹೇಳಿದ್ದಲ್ಲ. ಅರ್ಧ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಬೆಚ್ಚಗಿದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ತೀರಾ ತಣ್ಣಗಿದ್ದರೆ ಹುಳಿ, ಒಗರು ಎರಡೂ ಚುರುಕಾಗುತ್ತವೆ.

ನಿಜವಾಗಿ ಕೆಟ್ಟದ್ದನ್ನು ಗುರುತಿಸುವುದು ಬೇರೆ. ನೆನೆದ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ, ಎಷ್ಟು ಹೊತ್ತು ಗಾಳಿಗಿಟ್ಟರೂ ಹೋಗದು. ಕಾರ್ಕ್ ಬಾಯಿಂದ ಮೇಲೆದ್ದಿದ್ದರೆ, ಮುಚ್ಚಳದ ಹಾಳೆಯಡಿ ಅಂಟಂಟಾಗಿ ಸೋರಿದ್ದರೆ, ಸಾಗಣೆಯಲ್ಲೋ ಗೋದಾಮಿನಲ್ಲೋ ಬಿಸಿಗೆ ಸಿಕ್ಕಿರುವ ಸಾಧ್ಯತೆ ಹೆಚ್ಚು. ಇದನ್ನು ಅಂಗಡಿಯಲ್ಲೇ ನೋಡಿ, ದುಡ್ಡು ಕೊಡುವ ಮೊದಲು.

ಊಟಕ್ಕೆ ರಿಯೋಹಾದವರು ದ್ರಾಕ್ಷಿ ಬಳ್ಳಿಯ ಒಣ ಕಡ್ಡಿಗಳ ಕೆಂಡದಲ್ಲಿ ಕುರಿಮರಿಯ ಚಾಪ್ಸ್ ಸುಡುತ್ತಾರೆ, ಉಪ್ಪು ಬಿಟ್ಟರೆ ಹೆಚ್ಚೇನೂ ಹಾಕುವುದಿಲ್ಲ. ನಮ್ಮ ಮಟನ್ ಚಾಪ್ಸ್ ಜೊತೆಗೂ ಹೊಂದುತ್ತದೆ, ಹಸಿಮೆಣಸಿನಕಾಯಿ ಹಾಕುವಾಗ ಕೈ ಬಿಗಿ ಹಿಡಿದರೆ.